ಕ್ರೇನ್, ಸ್ಲಿಂಗ್ ತಪಾಸಣೆ: ಭೋಸರಿ, ಚಾಕಣದಲ್ಲಿ ದುಡಿಯುವ ನಮ್ಮವರಿಗೆ

ಪುಣೆಯ ಭೋಸರಿ, ಚಾಕಣದ ವರ್ಕ್‌ಶಾಪ್‌ಗಳಲ್ಲಿ ಕ್ರೇನ್ ಕೆಳಗೆ ದುಡಿಯುವ ಕನ್ನಡದವರು ಜಾಸ್ತಿನೇ ಇದ್ದೀರಿ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಫ್ಯಾಕ್ಟರಿ ಕಾಯ್ದೆ ಹಾಕಿಕೊಟ್ಟ ಲೆಕ್ಕ ಸರಳವಾಗಿತ್ತು: ಲಿಫ್ಟ್‌ಗೆ 6 ತಿಂಗಳಿಗೊಮ್ಮೆ, ಕ್ರೇನ್, ಚೈನ್, ವೈರ್ ರೋಪ್, ಸ್ಲಿಂಗ್‌ಗೆ (ಭಾರಕ್ಕೆ ಸುತ್ತಿ ಹುಕ್ಕಿಗೆ ಸಿಕ್ಕಿಸುವ ಬೆಲ್ಟ್ ಅಥವಾ ಹಗ್ಗ) 12 ತಿಂಗಳಿಗೊಮ್ಮೆಯಾದರೂ ಅರ್ಹ ವ್ಯಕ್ತಿಯಿಂದ, ಅಂದ್ರೆ ಸರ್ಕಾರದ ಮಾನ್ಯತೆ ಇರುವ ತಪಾಸಕರಿಂದ, ಪೂರ್ತಿ ತಪಾಸಣೆ ಆಗಬೇಕಿತ್ತು. ಅವರು ಬರುವ ದಿನ ಕ್ರೇನ್ ಖಾಲಿ ಇಡಿ, ಹಳೇ ರಿಪೋರ್ಟ್ ತೆಗೆದಿಡಿ. ಸುಮ್ನೆ ಆಫೀಸಿನಲ್ಲಿ ಕೂತು ಸಹಿ ಹಾಕಿ ಹೋಗಲು ಬಿಡಬೇಡಿ.

ವರ್ಷಕ್ಕೊಮ್ಮೆ ನೋಡಿದರೆ ಸಾಕಾಗಲ್ಲ, ಅಲ್ವಾ? ದಿನಾ ಶಿಫ್ಟ್ ಶುರುವಾಗುವ ಮುಂಚೆ ಹುಕ್ ನೋಡಿ. ಬಾಯಿ ಅಗಲ ಆಗಿದೆಯಾ, ತಿರುಚಿಕೊಂಡಿದೆಯಾ, ಹುಕ್ಕಿನ ಬಾಯಿ ಮುಚ್ಚುವ ಲ್ಯಾಚ್ ತಾನಾಗಿ ಮುಚ್ಚುತ್ತಾ? ವೈರ್ ರೋಪ್ ಮೇಲೆ ಬರಿಗೈ ಆಡಿಸಬೇಡಿ, ಮುರಿದ ಎಳೆ ಅಂಗೈ ಸೀಳುತ್ತದೆ. ಕ್ರೇನ್ ನಿಲ್ಲಿಸಿ, ಗ್ಲೌಸ್ ಹಾಕಿಕೊಂಡು, ಹಳೇ ಬಟ್ಟೆಯಿಂದ ಸವರಿ; ಎಳೆ ಮುರಿದ ಕಡೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಖಾಲಿ ಹುಕ್ಕನ್ನು ನಿಧಾನಕ್ಕೆ ಮೇಲೆತ್ತಿ, ಹುಕ್ ತೀರಾ ಮೇಲೆ ಹೋಗದಂತೆ ತಡೆಯುವ ಲಿಮಿಟ್ ಸ್ವಿಚ್ ಅದನ್ನು ನಿಲ್ಲಿಸುತ್ತಾ ಅಂತ ಖಾತ್ರಿ ಮಾಡಿಕೊಳ್ಳಿ.

ಎಷ್ಟು ಟನ್ ಅಂತ ಗುರುತಿಲ್ಲದ ಸ್ಲಿಂಗ್ ಬಳಸಲೇಬೇಡಿ. ಕೆಟ್ಟ ಬೆಲ್ಟ್ ಸ್ಲಿಂಗನ್ನು ಮೂಲೆಗೆ ಎಸೆಯದೆ ಅಲ್ಲೇ ಕತ್ತರಿಸಿ ಹಾಕಿ, ಇಲ್ಲಾಂದ್ರೆ ರಾತ್ರಿ ಪಾಳಿಯವರು ಅದನ್ನೇ ಎತ್ತಿಕೊಳ್ಳುತ್ತಾರೆ.