ಮಂಡಿಯ ನರ ಸುಡುವ ಮೊದಲು ಮೆಟ್ಟಿಲು ಹತ್ತಿಸುತ್ತೇನೆ

ಮಂಡಿ ನೋವಿಗೆ ನರ ಸುಡುತ್ತೇವೆ ಅಂದ ಕೂಡಲೇ ಎದುರು ಕೂತವರ ಮುಖ ಸಣ್ಣಗಾಗುತ್ತದೆ. "ಕಾಲು ಬಿದ್ದುಹೋಗಲ್ವಾ ಡಾಕ್ಟ್ರೇ?" ಅಂತಾರೆ. ಇಲ್ಲ. ನಾವು ಸುಡುವುದು ಜೆನಿಕ್ಯುಲರ್ ನರಗಳನ್ನು. ಕೀಲಿನ ನೋವನ್ನು ಮೇಲಕ್ಕೆ ಮುಟ್ಟಿಸುವ ಸಣ್ಣ ಎಳೆಗಳು ಅವು. ಸಾಮಾನ್ಯವಾಗಿ ಮೂರು ಜಾಗ: ತೊಡೆ ಮೂಳೆಯ ಕೆಳತುದಿಯಲ್ಲಿ ಎರಡೂ ಪಕ್ಕ, ಮಂಡಿ ಕೆಳಗಿನ ಮೂಳೆಯ ಒಳಪಕ್ಕ. ಕೆಳಗಡೆ ಹೊರಪಕ್ಕಕ್ಕೆ ನಾನು ಹೋಗುವುದಿಲ್ಲ. ಪಾದ ಎತ್ತುವ ನರ ಅಲ್ಲೇ ಹತ್ತಿರ ಹಾದುಹೋಗುತ್ತದೆ.

ಸುಡುವುದು ಅಂಥ ಕಷ್ಟವೇನಲ್ಲ. ಯಾರಿಗೆ ಸುಡಬೇಕು ಅನ್ನುವುದೇ ಕಷ್ಟ. ಇದನ್ನು ನಾನು ಎಡವಿ ಕಲಿತೆ.

ಶುರುವಿನ ದಿನಗಳಲ್ಲಿ ಒಬ್ಬ ವಯಸ್ಸಾದ ಹೆಂಗಸು ಬಂದಿದ್ದರು. ಎಕ್ಸ್‌ರೇಯಲ್ಲಿ ಮಂಡಿ ಚೆನ್ನಾಗಿಯೇ ಸವೆದಿತ್ತು. ಸುಡುವ ಮೊದಲು ಪರೀಕ್ಷೆಗೆಂದು ಆ ನರಗಳ ಬಳಿ ಮರಗಟ್ಟಿಸುವ ಔಷಧಿ ಕೊಡುತ್ತೇವೆ; ಅದರಿಂದ ನೋವು ಇಳಿದರೆ ಸುಟ್ಟರೂ ಇಳಿಯಬಹುದು ಅಂತ ಲೆಕ್ಕ. ಕೊಟ್ಟೆ. ಹಾಸಿಗೆ ಮೇಲೆಯೇ ಕೇಳಿದೆ, "ನೋವು ಹೇಗಿದೆ ಅಮ್ಮ?" "ಏನೂ ಇಲ್ಲಪ್ಪ" ಅಂದರು. ಸುಟ್ಟೆ. ಮೂರು ವಾರವಾದರೂ ಅದೇ ನೋವು. ಆಮೇಲೆ ತೊಡೆಯನ್ನು ಒಳಕ್ಕೆ ತಿರುಗಿಸಿ ನೋಡಿದರೆ ಚೀರಿದರು! ಸೊಂಟದ ಕೀಲಿನ ನೋವು ಮಂಡಿಯಲ್ಲಿ ಕಾಣಿಸಿಕೊಳ್ಳುತ್ತಿತ್ತು. ಮಲಗಿದ್ದಾಗ ಅವರಿಗೆ ಮೊದಲೂ ನೋವಿರಲಿಲ್ಲ. ನಾನು ಕೇಳಿದ್ದೇ ತಪ್ಪು ಪ್ರಶ್ನೆ.

ಈಗ ಸೊಂಟ, ಬೆನ್ನು ಮೊದಲು ನೋಡುತ್ತೇನೆ. ಪರೀಕ್ಷೆಯ ಔಷಧಿ ಒಂದು ನರಕ್ಕೆ 1 ಮಿಲಿ ಲೀಟರ್, ಅಷ್ಟೇ. ಜಾಸ್ತಿ ಹಾಕಿದರೆ ಅಕ್ಕಪಕ್ಕಕ್ಕೆ ಹರಡಿ ಸುಳ್ಳು ಹೇಳುತ್ತದೆ. ಆಮೇಲೆ ಎಬ್ಬಿಸಿ ಮೆಟ್ಟಿಲು ಹತ್ತಿಸುತ್ತೇನೆ. ಯಾವ ಕೆಲಸ ನೋಯಿಸುತ್ತದೋ ಅದನ್ನೇ ಮಾಡಿ, ಗಂಟೆಗೊಮ್ಮೆ ನೋವಿಗೆ ಹತ್ತರಲ್ಲಿ ಎಷ್ಟು ಅಂತ ಬರೆದಿಡಿ ಅಂತೀನಿ. ಅರ್ಧಕ್ಕರ್ಧವಾದರೂ ಇಳಿಯದಿದ್ದರೆ ಸುಡುವುದಿಲ್ಲ. ಕೆಲವರಿಗೆ ಸಿಟ್ಟೂ ಬರುತ್ತದೆ, ಬರಲಿ.

ಸುಡುವ ದಿನ ಪೂರ್ತಿ ನಿದ್ದೆ ಬರಿಸುವುದಿಲ್ಲ, ಅವರ ಉತ್ತರ ನನಗೆ ಬೇಕು. ಎಕ್ಸ್‌ರೇ ಪರದೆ ನೋಡುತ್ತಾ ಸೂಜಿಯನ್ನು ಮೂಳೆಗೆ ತಾಗಿಸುತ್ತೇನೆ. 50 ಹರ್ಟ್ಸ್‌ನಲ್ಲಿ ಸಣ್ಣ ಕರೆಂಟ್ ಬಿಟ್ಟಾಗ "ಹಾಂ, ಇದೇ ಜಾಗ, ಜುಮ್ ಅಂತಿದೆ" ಅನ್ನಬೇಕು. ಆಮೇಲೆ 2 ಹರ್ಟ್ಸ್. ಆಗ ನನ್ನ ಕಣ್ಣು ಪರದೆ ಮೇಲಿಲ್ಲ, ಪಾದದ ಮೇಲೆ. ಬೆರಳು ಕುಣಿದರೆ ಕಾಲು ಆಡಿಸುವ ನರ ಹತ್ತಿರವಿದೆ ಅಂತ ಅರ್ಥ, ಸೂಜಿ ಸರಿಸಲೇಬೇಕು. ಕಾಲು ಅಲುಗದಿದ್ದರೆ ಮರಗಟ್ಟಿಸಿ, ಸೂಜಿಯ ತುದಿಯಲ್ಲಿ ಕಾವು: 80 ಡಿಗ್ರಿ ಸೆಲ್ಸಿಯಸ್, 90 ಸೆಕೆಂಡು. ಅದೇ ದಿನ ನಡೆದುಕೊಂಡು ಮನೆಗೆ ಹೋಗುತ್ತಾರೆ.

ಒಂದೆರಡು ವಾರ ಸುಟ್ಟ ಜಾಗ ನೋಯಬಹುದು, ಚರ್ಮ ಸ್ವಲ್ಪ ಜೋಮು ಹಿಡಿದಂತಿರಬಹುದು. ಇದನ್ನು ಮೊದಲೇ ಹೇಳದಿದ್ದರೆ ಮೂರನೇ ದಿನ ಫೋನ್ ಗ್ಯಾರಂಟಿ. ಆರಾಮ ಸಿಕ್ಕವರಿಗೆ ಹೆಚ್ಚಾಗಿ ಆರು ತಿಂಗಳಿಂದ ಒಂದು ವರ್ಷ. ನರ ಮತ್ತೆ ಚಿಗುರುತ್ತದೆ, ಬೇಕಾದರೆ ಮತ್ತೆ ಸುಡಬಹುದು. ನೋವಿಲ್ಲದ ಆ ತಿಂಗಳುಗಳಲ್ಲಿ ತೊಡೆಯ ಸ್ನಾಯು ಗಟ್ಟಿ ಮಾಡಿಕೊಳ್ಳಿ ಅಂತ ಬೆನ್ನು ಬೀಳುತ್ತೇನೆ.

ಮೊನ್ನೆ, ನರ ಸುಡಿಸಿಕೊಂಡಿದ್ದ ಒಬ್ಬರು ಹೊಸ ಎಕ್ಸ್‌ರೇ ಹಿಡಿದು ಬಂದರು. "ಸವೆತ ಹಾಗೇ ಇದೆಯಲ್ಲ ಡಾಕ್ಟ್ರೇ?"

"ಹಾಗೇ ಇರುತ್ತೆ. ಮೆಟ್ಟಿಲು?"

"ಹತ್ತುತ್ತೀನಿ. ಇಳಿಯೋವಾಗ ಮಾತ್ರ ಕಂಬಿ ಹಿಡ್ಕೋತೀನಿ."