ಹಾವಿನ ಕಥೆಯಲ್ಲಿ ನಾಟಕ ಎಷ್ಟಿರಬೇಕು?

ಮೊಬೈಲಿನಲ್ಲಿ ಓದುತ್ತಾ ಆಡುವ ಕಥೆ-ಆಟಗಳನ್ನು ನಾನು ಟ್ವೈನ್‌ನಲ್ಲಿ ಬರೆಯುತ್ತೇನೆ. 2009ರಲ್ಲಿ ಕ್ರಿಸ್ ಕ್ಲಿಮಸ್ ಮಾಡಿದ ಉಚಿತ ಟೂಲ್ ಅದು, ಕನ್ನಡ ಅಕ್ಷರಕ್ಕೂ ತಕರಾರಿಲ್ಲ. ಈ ಸಲದ ಕಥೆ ಮಂಡ್ಯ ಕಡೆಯದು. ಕಬ್ಬಿನ ಗದ್ದೆಯಲ್ಲಿ ಅಣ್ಣನಿಗೆ ಕೊಳಕುಮಂಡಲ ಕಚ್ಚುತ್ತದೆ. ಆಡುವವರದು ತಮ್ಮನ ಪಾತ್ರ.

ಹಾವು ಅಂದ ಕೂಡಲೇ ನಾಟಕ ತಾನಾಗೇ ಬರುತ್ತದೆ. ಬ್ಲೇಡಿನಿಂದ ಕೊಯ್ದು ಬಾಯಲ್ಲಿ ವಿಷ ಹೀರುವುದನ್ನು ಸಿನಿಮಾಗಳಲ್ಲಿ ಎಲ್ಲರೂ ನೋಡಿದ್ದಾರೆ. ಅದು ತಪ್ಪು, ಹಗ್ಗ ಬಿಗಿಯುವುದೂ ತಪ್ಪು. ಓದಿದವರು ನಾಳೆ ನಿಜವಾಗಿ ಮಾಡಿಬಿಡಬಹುದಾದ ವಿಷಯದಲ್ಲಿ ನಾನು ಸುಳ್ಳು ಬರೆಯೋದಿಲ್ಲ. ಉಳಿದ ಕಡೆ ಧಾರಾಳವಾಗಿ ಕತ್ತರಿ ಹಾಕುತ್ತೇನೆ. ಓಪಿ ಚೀಟಿ, ಆಧಾರ್ ಹುಡುಕಾಟ ಎಲ್ಲ ಒಂದೇ ಸಾಲಿನಲ್ಲಿ ಮುಗೀತು.

ಹಾಗಾದ್ರೆ ಟೆನ್ಷನ್ ಎಲ್ಲಿಂದ ಬರಬೇಕು? ಆಸ್ಪತ್ರೆಯ ಪದ್ಧತಿಯಲ್ಲೇ ಇತ್ತು. ಕೊಳಕುಮಂಡಲದ ವಿಷ ಏರಿದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಅದಕ್ಕೇ ಸ್ವಲ್ಪ ರಕ್ತವನ್ನು ಒಣ ಗಾಜಿನ ಟ್ಯೂಬಿಗೆ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ವಾಲಿಸಿ ನೋಡುತ್ತಾರೆ. ಇಂಥ ದೃಶ್ಯ ನಾನು ಕೂತು ಯೋಚಿಸಿದ್ದರೂ ಹೊಳೆಯುತ್ತಿರಲಿಲ್ಲ. ಆ ಹೊತ್ತಿಗೆ ಅಳು, ಕೂಗಾಟ ಬೇಡ ಅಂದುಕೊಂಡೆ. "ಸಂಜೆ ಹಸ ಕರೆಯೋರ್ ಯಾರು?" ಅಂತ ಅತ್ತಿಗೆ ಕೇಳುತ್ತಾಳೆ. "ನಾನ್ ನೋಡ್ಕತೀನಿ ಬುಡಿ ಅತ್ತಿಗೆ" ಅನ್ನಬಹುದು. ಇಲ್ಲಾ, ಸುಮ್ಮನೆ ಟ್ಯೂಬ್ ನೋಡುತ್ತಾ ನಿಲ್ಲಬಹುದು. ಆಯ್ಕೆ ಅಷ್ಟೇ. ಆಡಿ ನೋಡಿದ ಗೆಳೆಯರು ಜಾಸ್ತಿ ಹೊತ್ತು ತೆಗೆದುಕೊಂಡಿದ್ದು ಇಲ್ಲೇ.

ತಲೆ ತಿಂದದ್ದು ಸಾವು-ಬದುಕಿನ ಲೆಕ್ಕ. ನಿಜದಲ್ಲಿ ಎಲ್ಲ ಸರಿಯಾಗಿ ಮಾಡಿದರೂ ಕೆಲವರು ಉಳಿಯುವುದಿಲ್ಲ. ಆಟದಲ್ಲಿ ಹಾಗೆ ಮಾಡಿದರೆ ಆಡಿದವರಿಗೆ ಮೋಸ ಅನ್ನಿಸುತ್ತೆ ಅಲ್ವಾ? ಅದಕ್ಕೆ ಸಾವು, ಬದುಕು ಅಂತ ಎರಡೇ ಕೊನೆ ಇಡಲಿಲ್ಲ. ಪ್ರತಿ ಆಯ್ಕೆಗೂ ಇಷ್ಟು ನಿಮಿಷ ಅಂತ ಒಳಗೊಳಗೇ ಕೂಡಿಸುವ ಒಂದು ವೇರಿಯಬಲ್ ಇದೆ. ಸ್ಕ್ರೀನ್ ಮೇಲೆ ಕಾಣಿಸುವುದಿಲ್ಲ. ತಡ ಮಾಡಿದರೂ ಅಣ್ಣ ಬದುಕಬಹುದು, ಆದರೆ ಕಿಡ್ನಿಗೆ ಪೆಟ್ಟು ಬಿದ್ದು ಡಯಾಲಿಸಿಸ್ ಬೇಕಾಗಬಹುದು. ಈ ಹಾವಿನ ವಿಷಕ್ಕೆ ಅದು ನಿಜವಾಗಿ ಆಗುವಂಥದ್ದೇ.

ಇನ್ನು ನಾಟಿ ಮದ್ದಿನ ದಾರಿ. ಅಲ್ಲಿಗೆ ಹೋದವರೆಲ್ಲ ಸತ್ತರು ಅಂತ ಬರೆದರೆ ಅದು ಕಥೆಯಲ್ಲ, ಆರೋಗ್ಯ ಇಲಾಖೆಯ ಪೋಸ್ಟರ್. ಕೆಲವು ಸಲ ಹಾವು ಕಚ್ಚಿದರೂ ವಿಷ ಬಿಟ್ಟಿರುವುದಿಲ್ಲ. ಅಂಥವರು ಬೇರು ಅರೆದು ಕುಡಿದೂ ಬದುಕುತ್ತಾರೆ, ಊರು ಬೇರಿಗೇ ಕೈ ಮುಗಿಯುತ್ತದೆ. ಆ ಕೊನೆಯನ್ನೂ ಇಟ್ಟೆ. ಆದರೆ ಹಾಗೆ ಉಳಿಸಿಕೊಂಡವರಿಗೆ ಮಾತ್ರ ಇನ್ನೊಂದು ಅಧ್ಯಾಯ ತೆರೆಯುತ್ತದೆ. ಪಕ್ಕದ ಮನೆ ಹುಡುಗನಿಗೆ ಹಾವು ಕಚ್ಚಿದೆ. ಅವನ ಅಪ್ಪ ಓಡಿ ಬಂದು, "ನಿಮ್ಮಣ್ಣನ್ನ ಎಲ್ಗಪ್ಪ ಕರ್ಕೊಂಡೋಗಿದ್ದೆ?" ಅಂತ ಕೇಳುತ್ತಾನೆ. ಉತ್ತರ ಆಡುವವರೇ ಆರಿಸಬೇಕು. ಈ ಸಲ ಹಾವು ವಿಷ ಬಿಟ್ಟಿದೆ ಅನ್ನೋದನ್ನು ಅವರಿಗೆ ಮೊದಲೇ ಹೇಳುವುದಿಲ್ಲ.