ಬೀಗದ ಕೈ ಯಾರ ಬಳಿ ಇರಬೇಕು

ನೆಲೆ ತಪ್ಪುವ ಅಂಚಿನಲ್ಲಿರುವ ಯುವಜನರಿಗಾಗಿ ನಡೆಯುವ ಎಂಟು ಕೋಣೆಗಳ ಬೆಂಬಲಸಹಿತ ವಸತಿಯೊಂದರ (ಕೋಣೆಯ ಜೊತೆಗೆ ಸಿಬ್ಬಂದಿಯ ನೆರವೂ ಸಿಗುವ ಮನೆ) ಹೊಣೆಯನ್ನು ನಾನು ಹಲವು ವರ್ಷ ಹೊತ್ತಿದ್ದೆ. ನಮ್ಮಲ್ಲಿಗೆ ಬರುತ್ತಿದ್ದವರು ಹೆಚ್ಚಾಗಿ 18ರಿಂದ 23ರ ವಯಸ್ಸಿನವರು. ವಯಸ್ಸು ಮೀರಿತೆಂದು ಮಕ್ಕಳ ಪಾಲನಾ ಕೇಂದ್ರದಿಂದ ಹೊರಬಂದವರು, ಮನೆಯಲ್ಲಿ ಹೊಡೆತ ತಾಳಲಾರದೆ ಹೊರಟವರು, ತಾಯಿಯೋ ತಂದೆಯೋ ಮರುಮದುವೆಯಾದ ಮೇಲೆ ತಮ್ಮ ಹಾಸಿಗೆಗೆ ಜಾಗವಿಲ್ಲವೆಂದು ಅರಿತವರು ಅವರಲ್ಲಿದ್ದರು. ಬೀದಿಯಲ್ಲಿ ಮಲಗಿ ಬಂದವರು ಕಡಿಮೆ. ಮೂರು ರಾತ್ರಿ ಗೆಳೆಯನ ಕೋಣೆ, ಒಂದು ವಾರ ಚಿಕ್ಕಮ್ಮನ ಮನೆಯ ಪಡಸಾಲೆ, ಮತ್ತೆರಡು ರಾತ್ರಿ ಬಸ್ ನಿಲ್ದಾಣ ಎಂದು ಅಲೆದವರೇ ಹೆಚ್ಚು. ಇಂಥವರು ಯಾವ ಗಣತಿಯ ಕಣ್ಣಿಗೂ ಸುಲಭವಾಗಿ ಬೀಳುವುದಿಲ್ಲ.

ಆರಂಭದಲ್ಲಿ ನಮ್ಮ ನಿಯಮಗಳ ಪಟ್ಟಿ ಉದ್ದವಾಗಿತ್ತು. ಅದರಲ್ಲಿ ಬಹುಪಾಲನ್ನು ಬರೆದವಳು ನಾನೇ. ಕೆಲಸದ ಪಾಳಿಯಿಲ್ಲದಿದ್ದರೆ ರಾತ್ರಿ ಒಂಬತ್ತರೊಳಗೆ ಒಳಗಿರಬೇಕು, ವಾರಕ್ಕೊಮ್ಮೆ ಆಪ್ತಸಮಾಲೋಚನೆಗೆ ತಪ್ಪದೆ ಬರಬೇಕು, ಸಿಬ್ಬಂದಿ ಯಾವಾಗ ಬೇಕಾದರೂ ಕೋಣೆ ನೋಡಬಹುದು, ಮೂರು ಎಚ್ಚರಿಕೆಗಳಾದರೆ ಕೋಣೆ ಬಿಡಬೇಕು. ಶಿಸ್ತಿಲ್ಲದೆ ಬೆಳೆದವರಿಗೆ ಶಿಸ್ತೇ ಮೊದಲ ನೆರವು ಎಂದು ನಾವೆಲ್ಲರೂ ಪ್ರಾಮಾಣಿಕವಾಗಿಯೇ ನಂಬಿದ್ದೆವು.

ಆ ನಂಬಿಕೆ ಅಲುಗಿದ್ದು 19 ವರ್ಷದ ಒಬ್ಬ ಹುಡುಗನಿಂದ. ಅವನಿಗೆ ಗೋದಾಮಿನಲ್ಲಿ ರಾತ್ರಿ ಪಾಳಿಯ ಕೆಲಸವಿತ್ತು. ಬೆಳಿಗ್ಗೆ ಹತ್ತಕ್ಕೆ ನಾವು ಇಟ್ಟಿದ್ದ ಸಮಾಲೋಚನೆಯ ಹೊತ್ತಿಗೆ ಅವನು ಗಾಢ ನಿದ್ದೆಯಲ್ಲಿರುತ್ತಿದ್ದ. ಮೂರು ಬಾರಿ ತಪ್ಪಿಸಿದ, ಮೂರು ಎಚ್ಚರಿಕೆ ಕೊಟ್ಟೆವು, ಕೋಣೆ ಬಿಡಬೇಕೆಂಬ ಪತ್ರಕ್ಕೆ ನಾನು ಸಹಿ ಹಾಕಿದೆ. ನಾಲ್ಕು ತಿಂಗಳ ನಂತರ ಅವನು ಸಿಕ್ಕಾಗ ಕೆಲಸವೂ ಹೋಗಿತ್ತು, ಏಕೆಂದರೆ ಹಗಲು ಮಲಗಲು ಜಾಗವಿಲ್ಲದವನು ರಾತ್ರಿ ಪಾಳಿ ಮಾಡುವುದು ಸಾಧ್ಯವಿಲ್ಲ. ನಾವು ಕಲಿಸಲು ಹೊರಟಿದ್ದ ಜವಾಬ್ದಾರಿಯನ್ನು ಅವನು ಆಗಲೇ ನಿಭಾಯಿಸುತ್ತಿದ್ದ. ಅದಕ್ಕೆ ಅಡ್ಡ ಬಂದದ್ದು ನಮ್ಮ ವೇಳಾಪಟ್ಟಿ.

ಆಮೇಲೆ ಬೇರೆ ಕಡೆಗಳಲ್ಲಿ ಈ ಕೆಲಸ ಹೇಗೆ ನಡೆದಿದೆಯೆಂದು ಓದತೊಡಗಿದೆ. ಎರಡನೆಯ ಮಹಾಯುದ್ಧದ ನಂತರ ಫ್ರಾನ್ಸ್‌ನಲ್ಲಿ ದುಡಿಯುವ ಯುವಜನರಿಗಾಗಿ ವ್ಯಾಪಕವಾಗಿ ಬೆಳೆದ ‘ಫಾಯರ್’ ವಸತಿಗಳು 1990ರ ದಶಕದಲ್ಲಿ ಬ್ರಿಟನ್ನಿಗೂ ಬಂದವು. ಫ್ರೆಂಚ್‌ನಲ್ಲಿ ಆ ಪದಕ್ಕೆ ಒಲೆ ಎಂಬ ಅರ್ಥವೂ ಇದೆ, ಮನೆ ಎಂಬ ಅರ್ಥವೂ ಇದೆ. ಬ್ರಿಟನ್ನಿನ ಮಾದರಿಯಲ್ಲಿ ಕೋಣೆಯ ಜೊತೆಗೆ ತರಬೇತಿ ಇಲ್ಲವೇ ಉದ್ಯೋಗದ ಒಪ್ಪಂದವೂ ಇರುತ್ತದೆ. ಇದಕ್ಕೆ ಎದುರಾದ ದಾರಿ ‘ಹೌಸಿಂಗ್ ಫಸ್ಟ್’. 1992ರಲ್ಲಿ ನ್ಯೂಯಾರ್ಕಿನಲ್ಲಿ ಮನಶ್ಶಾಸ್ತ್ರಜ್ಞ ಸ್ಯಾಮ್ ತ್ಸೆಂಬೆರಿಸ್ ಆರಂಭಿಸಿದ ಈ ಕ್ರಮದಲ್ಲಿ ಚಿಕಿತ್ಸೆಗೆ ಒಪ್ಪಬೇಕು, ಚಟ ಬಿಟ್ಟಿರಬೇಕು ಎಂಬ ಮುನ್‌ಷರತ್ತಿಲ್ಲದೆ ಮೊದಲು ಮನೆ ಕೊಡಲಾಗುತ್ತದೆ, ನೆರವು ಆ ಮನೆಯ ಬಾಗಿಲಿಗೆ ಬರುತ್ತದೆ. ಅದು ರೂಪುಗೊಂಡದ್ದು ಮಾನಸಿಕ ಕಾಯಿಲೆಯಿಂದ ಬಳಲುತ್ತ ಬೀದಿಯಲ್ಲಿದ್ದ ವಯಸ್ಕರಿಗಾಗಿ. ಬಾಡಿಗೆ ಕಟ್ಟಿಯೇ ಗೊತ್ತಿಲ್ಲದ ಹದಿನೆಂಟರವರಿಗೆ ಅದನ್ನು ಹಾಗೆಯೇ ಅನ್ವಯಿಸುವುದು ಸರಿಯೆಂದು ನನಗೆ ಅನ್ನಿಸಲಿಲ್ಲ. ಆದರೂ ಅದರ ಒಂದು ತತ್ತ್ವವನ್ನು ನಾವು ತೆಗೆದುಕೊಂಡೆವು. ಒಂದೇ ಇದ್ದ ಕರಾರು ಪತ್ರವನ್ನು ಎರಡಾಗಿ ಒಡೆದೆವು: ಬಾಡಿಗೆ ಕರಾರು ಬೇರೆ, ಬೆಂಬಲದ ಯೋಜನೆ ಬೇರೆ. ಬಾಡಿಗೆ ನಿರಂತರವಾಗಿ ಬಾಕಿಯಾದರೆ ಅಥವಾ ಇತರರ ಸುರಕ್ಷತೆಗೆ ಅಪಾಯವಾದರೆ ಮಾತ್ರ ಕೋಣೆಯ ಪ್ರಶ್ನೆ ಏಳುತ್ತದೆ; ಸಮಾಲೋಚನೆಗೆ ಬಾರದಿದ್ದರೆ ನಾವೇ ಇನ್ನೊಂದು ದಾರಿ ಹುಡುಕಬೇಕು.

ಸಿಬ್ಬಂದಿ ಇದನ್ನು ಸುಲಭವಾಗಿ ಒಪ್ಪಲಿಲ್ಲ. ಹೆದರಿಕೆಯೇ ಇಲ್ಲದಿದ್ದರೆ ಯಾರು ಬರುತ್ತಾರೆ ಎಂದರು. ಅವರ ಅನುಮಾನ ಸುಳ್ಳಾಗಲಿಲ್ಲ, ಮೊದಲ ಎರಡು ತಿಂಗಳು ನಿಜಕ್ಕೂ ಹೆಚ್ಚಿನವರು ಬರಲಿಲ್ಲ. ಆಗ ಭೇಟಿಗಳನ್ನು ಕಚೇರಿಯ ಮೇಜಿನಿಂದ ಹೊರತಂದೆವು. ಬ್ಯಾಂಕಿಗೆ ಜೊತೆಗೆ ಹೋಗುವಾಗ, ಕಳೆದುಹೋದ ಜನನ ಪ್ರಮಾಣಪತ್ರಕ್ಕಾಗಿ ಸರದಿಯಲ್ಲಿ ಕಾಯುವಾಗ, ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವಾಗ ಮಾತು ತಾನಾಗಿ ಬಂತು. ಎದುರು ಬದುರು ಕುಳಿತಾಗ ಬಾಯಿ ಬಿಡದವರು ಪಕ್ಕದಲ್ಲಿ ನಡೆಯುವಾಗ ಮಾತನಾಡುತ್ತಾರೆ.

ಬೀಗದ ಕೈಯ ಪ್ರಶ್ನೆಯನ್ನು ಎತ್ತಿದವಳು ಪಾಲನಾ ಕೇಂದ್ರದಲ್ಲಿ ಬೆಳೆದ ಒಬ್ಬ ಹುಡುಗಿ. ಕೋಣೆ ತೋರಿಸಿದಾಗ ಅವಳು ಮಂಚವನ್ನಾಗಲಿ ಕಿಟಕಿಯನ್ನಾಗಲಿ ನೋಡದೆ, “ಅಕ್ಕಾ, ಕೀ ನನ್ನ ಹತ್ರಾನೇ ಇರುತ್ತಾ?” ಎಂದು ಕೇಳಿದಳು. ಇರುತ್ತದೆ ಎಂದೆ. “ನಿಮ್ಮ ಹತ್ರಾನೂ ಒಂದು ಇರುತ್ತಲ್ವಾ?” ಎಂಬ ಮುಂದಿನ ಪ್ರಶ್ನೆಗೆ ನನ್ನಲ್ಲಿ ಒಳ್ಳೆಯ ಉತ್ತರವಿರಲಿಲ್ಲ. ಆ ವಾರವೇ ಹೊಸ ಪದ್ಧತಿ ತಂದೆವು. ಬಾಗಿಲು ತಟ್ಟಬೇಕು, ಉತ್ತರಕ್ಕಾಗಿ ಕಾಯಬೇಕು. ದುರಸ್ತಿಗೂ ತಪಾಸಣೆಗೂ 24 ಗಂಟೆ ಮೊದಲು ಬರಹದಲ್ಲಿ ತಿಳಿಸಬೇಕು. ಬೆಂಕಿ ಅಥವಾ ಜೀವಾಪಾಯವಿದ್ದಾಗ ಮಾತ್ರ ನಮ್ಮ ಕೀ ಬಳಸಬೇಕು, ಬಳಸಿದ್ದನ್ನು ಕಾರಣಸಹಿತ ದಾಖಲಿಸಬೇಕು. ಮನೆಗೆ ಬರುವ ಹೊತ್ತಿನ ಗಡುವನ್ನೂ ತೆಗೆದುಹಾಕಿ, ರಾತ್ರಿ ಬರದಿದ್ದರೆ ಒಂದು ಸಂದೇಶ ಕಳಿಸಿ ಎಂದಷ್ಟೇ ಕೇಳಿಕೊಂಡೆವು.

ಬಾಡಿಗೆಯಲ್ಲಿ ನಾನು ತಪ್ಪಿದ್ದು ಇದಕ್ಕೆ ವಿರುದ್ಧವಾದ ದಿಕ್ಕಿನಲ್ಲಿ. ಕಷ್ಟದಲ್ಲಿದ್ದಾರೆಂಬ ಕನಿಕರದಿಂದ ಸಣ್ಣ ಬಾಕಿಗಳನ್ನು ಕಂಡೂ ಕಾಣದಂತೆ ಬಿಡುತ್ತಿದ್ದೆ. ಮೂರು ತಿಂಗಳಾಗುವಷ್ಟರಲ್ಲಿ ಅದು ಅವರು ತೀರಿಸಲಾಗದ ಮೊತ್ತವಾಗಿರುತ್ತಿತ್ತು, ನನ್ನನ್ನು ಕಂಡರೆ ಅವರು ಮೆಟ್ಟಿಲು ಬದಲಿಸುತ್ತಿದ್ದರು. ಬಾಕಿಯಾದ ಮೂರನೆಯ ದಿನವೇ ಮಾತನಾಡುವುದು, ಸಂಬಳ ಬಂದ ದಿನವೇ ಬಾಡಿಗೆ ತೆಗೆದಿಡುವುದು, ತೀರಿಸಲಾಗದಿದ್ದರೆ ಕಂತು ಬರೆದುಕೊಳ್ಳುವುದು ಎಂಬ ಕ್ರಮ ಕಠಿಣವಾಗಿ ಕಂಡರೂ ಅವರ ಕೋಣೆಯನ್ನು ಉಳಿಸಿದ್ದು ಅದೇ. ಮುಂದೆ ಮನೆ ಮಾಲೀಕರು ಕೇಳುವ ಮೊದಲ ಪ್ರಶ್ನೆಯೂ ಹಿಂದಿನ ಬಾಡಿಗೆಯ ಕುರಿತೇ ಇರುತ್ತದೆ.

ಎಲ್ಲಕ್ಕಿಂತ ಕಷ್ಟವಾದದ್ದು ಬಿಟ್ಟು ಹೋಗುವ ಹಂತ. ಪಾಲನೆಯಿಂದ ಹೊರಹೋಗುವ ಮಕ್ಕಳಿಗೆ ಆಮೇಲೆ ಸಿಗಬೇಕಾದ ನೆರವಿನ ಸಿದ್ಧತೆ ಸಾಧ್ಯವಾದಷ್ಟು ಬೇಗ, ಹೊರಡುವುದಕ್ಕೆ ಬಹಳ ಮೊದಲೇ ಆರಂಭವಾಗಬೇಕು ಎಂದು 2009ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಾರ್ಗಸೂಚಿಗಳು ಹೇಳುತ್ತವೆ. ನಮ್ಮಲ್ಲಿ ಅದು ಕೊನೆಯ ತಿಂಗಳ ಕೆಲಸವಾಗಿತ್ತು. ಎರಡು ವರ್ಷ ಮುಗಿದೊಡನೆ ಹಣ ಒದಗಿಸುವವರ ಲೆಕ್ಕದಲ್ಲಿ ಒಬ್ಬರು ‘ಯಶಸ್ವಿಯಾಗಿ’ ಹೊರಹೋಗುತ್ತಿದ್ದರು, ಹೊಸ ಮನೆಯ ಮೊದಲ ವಾರಗಳ ಒಂಟಿತನ ಯಾವ ನಮೂನೆಯಲ್ಲೂ ದಾಖಲಾಗುತ್ತಿರಲಿಲ್ಲ. ಗ್ಯಾಸ್ ಹಚ್ಚಲು, ಬಿಲ್ ಕಟ್ಟಲು ಕಲಿಸಿದ್ದೆವು. ಸಂಜೆ ಏಳರ ಮೌನಕ್ಕೆ ಏನು ಮಾಡಬೇಕೆಂದು ಹೇಳಿಕೊಟ್ಟಿರಲಿಲ್ಲ. ಹೋದವರನ್ನು ಆರು ತಿಂಗಳವರೆಗೆ ಮನೆಗೆ ಹೋಗಿ ಕಾಣುವ ಏರ್ಪಾಡನ್ನು ಆಮೇಲೆ ಮಾಡಿದೆವು, ಮೊದಲ ತಿಂಗಳು ವಾರಕ್ಕೆರಡು ಬಾರಿ, ನಂತರ ಅವರು ಕೇಳಿದಷ್ಟು.

ಕೀಯ ಬಗ್ಗೆ ಕೇಳಿದ್ದ ಆ ಹುಡುಗಿ ಸ್ವಂತ ಬಾಡಿಗೆ ಮನೆಗೆ ಹೋದ ಮೇಲೂ ಬಟ್ಟೆ ಒಗೆಯುವ ನೆಪದಲ್ಲಿ ಬರುತ್ತಿದ್ದಳು. ಅವಳ ಮನೆಯಲ್ಲೂ ವಾಷಿಂಗ್ ಮಷೀನ್ ಇದೆಯೆಂದು ನಮಗೆಲ್ಲರಿಗೂ ಗೊತ್ತಿತ್ತು, ಯಾರೂ ಅದನ್ನು ಎತ್ತಲಿಲ್ಲ. ಬರುವುದು ಕ್ರಮೇಣ ಕಡಿಮೆಯಾಯಿತು. ಕೊನೆಯ ಬಾರಿ ಬಂದಾಗ ಬಟ್ಟೆಯ ಚೀಲ ತಂದಿರಲಿಲ್ಲ. ತನ್ನ ಮನೆಯ ಇನ್ನೊಂದು ಕೀಯನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿ ತಂದಿದ್ದಳು. ಕಳೆದುಕೊಂಡರೆ ಬೇಕಾಗುತ್ತದೆ, ನಿಮ್ಮ ಹತ್ತಿರ ಇರಲಿ ಎಂದಳು. ಲಕೋಟೆಯ ಮೇಲೆ ಅವಳೇ ಬರೆದಿದ್ದಳು: ‘ನನಗೆ ಫೋನ್ ಮಾಡದೆ ತೆರೆಯಬಾರದು.’